1979ರ ಸರ್ಟಿಫಿಕೇಟಿನಲ್ಲಿ ‘ಸಿ.ಎಸ್.ಇ. ಗ್ರೇಡ್ 1’ ಅಂತಿದೆ. ಇದು ಮೇಲಿನದೋ ಕೆಳಗಿನದೋ?

ಹಳೇಕಡತ
ಒಂದು ಫಾರ್ಮ್ ತುಂಬೋಕೆ ಕೂತು ತಲೆ ಕೆಟ್ಟಿದೆ, ಗೊತ್ತಿದ್ದವರು ಹೇಳಿ. ಇಂಗ್ಲೆಂಡಿನಲ್ಲಿ ಓದಿದ ಕನ್ನಡದ ಹಿರಿಯರೊಬ್ಬರು ಅಲ್ಲಿನ ಶಾಲೆಯೊಂದಕ್ಕೆ ಬೋಧನಾ ಸಹಾಯಕಿ ಕೆಲಸಕ್ಕೆ ಅರ್ಜಿ ಹಾಕ್ತಿದ್ದಾರೆ. ಅರ್ಜಿಯಲ್ಲಿ ಕೇಳಿರೋದು: ಇಂಗ್ಲಿಷ್, ಗಣಿತ ಎರಡರಲ್ಲೂ ಜಿ.ಸಿ.ಎಸ್.ಇ. (ಅಲ್ಲಿ ಈಗ 16ನೇ ವಯಸ್ಸಿಗೆ ಬರೆಯೋ ಪರೀಕ್ಷೆ, ನಮ್ಮ ಎಸ್ಸೆಸ್ಸೆಲ್ಸಿ ಥರ) ಗ್ರೇಡ್ 4 ಅಥವಾ ಮೇಲೆ, ಇಲ್ಲವೇ ತತ್ಸಮಾನ.

ಕೈಯಲ್ಲಿರೋದು ಎರಡು ಕಾಗದ, ಎರಡೂ 1979ರ ಬೇಸಿಗೆಯವು.
ಮೊದಲನೇದು ಸಿ.ಎಸ್.ಇ.: ಇಂಗ್ಲಿಷ್ 1, ಗಣಿತ 2, ಭೂಗೋಳ 3, ಇತಿಹಾಸ 4, ಟೈಪ್‌ರೈಟಿಂಗ್ 1.
ಎರಡನೇದು ಜಿ.ಸಿ.ಇ. ಓ ಲೆವೆಲ್: ಜೀವಶಾಸ್ತ್ರ ಸಿ, ಇಂಗ್ಲಿಷ್ ಭಾಷೆ ಡಿ.

ಆನ್‌ಲೈನ್ ಫಾರ್ಮಿನ ಪಟ್ಟಿಯಲ್ಲಿ 9ರಿಂದ 1ರವರೆಗೆ ಅಂಕಿ ಬಿಟ್ಟರೆ ‘ಇತರೆ’ ಅಂತ ಒಂದಿದೆ. ಇಂಗ್ಲಿಷಿಗೆ 1 ಅಂತ ಒತ್ತಿದೆ, ‘ಅರ್ಹತೆ ಇಲ್ಲ’ ಅಂತ ಕೆಂಪಕ್ಷರ ಬಂತು. ಒಂದೇ ಇಂಗ್ಲಿಷಿಗೆ ಒಂದು ಕಡೆ 1, ಇನ್ನೊಂದು ಕಡೆ ಡಿ. ಯಾವುದನ್ನು ನಂಬೋದು? ಅವರು ಪಾಸೋ ಫೇಲೋ?

ಒಗ್ಗರಣೆ
ಸಿ.ಎಸ್.ಇ. ಅಂದ್ರೆ ಕಂಪ್ಯೂಟರ್ ಸೈನ್ಸ್ ಅಲ್ವಾ? 1979ರಲ್ಲೇ ಹೈಸ್ಕೂಲಿಗೆ ಸೀಟು ಕೊಡ್ತಿದ್ರಾ ಗುರು?

ಮಾರ್ಕ್ಸ್‌ಕಾರ್ಡ್
@ಒಗ್ಗರಣೆ, ಇದು ಸರ್ಟಿಫಿಕೇಟ್ ಆಫ್ ಸೆಕೆಂಡರಿ ಎಜುಕೇಶನ್. ನಮ್ಮ ಸಿ.ಬಿ.ಎಸ್.ಇ. ಅಲ್ಲ, ಐ.ಸಿ.ಎಸ್.ಇ.ಯೂ ಅಲ್ಲ. ಇಂಗ್ಲೆಂಡ್, ವೇಲ್ಸ್‌ನಲ್ಲಿ 1965ರಿಂದ 1987ರವರೆಗೆ ನಡೆದು ನಿಂತುಹೋದ ಪರೀಕ್ಷೆ. ಓ ಲೆವೆಲ್ ಅದೇ ವಯಸ್ಸಿಗೆ ಇದ್ದ ಇನ್ನೊಂದು, ಇದಕ್ಕಿಂತ ಗಟ್ಟಿ ಪರೀಕ್ಷೆ. ಎರಡರ ಜಾಗಕ್ಕೂ ಆಮೇಲೆ ಜಿ.ಸಿ.ಎಸ್.ಇ. ಬಂತು.

@ಹಳೇಕಡತ, ಮೊದಲು ಆ 1 ಅನ್ನೋದನ್ನು ಫಾರ್ಮಿನಿಂದ ತೆಗೀರಿ. ಸಿ.ಎಸ್.ಇ.ಯಲ್ಲಿ ಗ್ರೇಡ್ 1ರಿಂದ 5, ಅದರ ಕೆಳಗೆ ಯು, ಅಂದರೆ ಗ್ರೇಡೇ ಇಲ್ಲ. 1 ಅತಿ ಮೇಲಿನದು. ಇವತ್ತಿನ ಜಿ.ಸಿ.ಎಸ್.ಇ.ಯಲ್ಲಿ 9 ಮೇಲಿನದು, 1 ತೀರಾ ತಳ. ಎರಡಕ್ಕೂ ಅಂಕಿ ಒಂದೇ, ದಿಕ್ಕು ಮಾತ್ರ ತಿರುಗುಮುರುಗು. ಕಂಪ್ಯೂಟರಿಗೆ ಅದು ಗೊತ್ತಾಗಲ್ಲ.

ಸಿ.ಎಸ್.ಇ. ಗ್ರೇಡ್ 1ಕ್ಕೆ ಶುರುವಿನಿಂದಲೂ ಓ ಲೆವೆಲ್ ಪಾಸಿನ ಬೆಲೆ. ಓ ಲೆವೆಲ್ ಬರೆದಿದ್ದರೆ ಕನಿಷ್ಠ ಸಿ ಬರ್ತಿತ್ತು ಅನ್ನೋದು ಅದರ ಅರ್ಥ. ಓ ಲೆವೆಲ್ ಸಿ ಅಂದರೆ ಅಕ್ಷರದ ಗ್ರೇಡಿದ್ದ ಕಾಲದ ಜಿ.ಸಿ.ಎಸ್.ಇ. ಸಿ, ಅದು ಇವತ್ತಿನ 4ಕ್ಕೆ ಸಮ. ಹಾಗಾಗಿ ಇಂಗ್ಲಿಷ್ ಪಾಸ್. ಗಣಿತದ 2 ಆ ಗೆರೆ ದಾಟಲ್ಲ, ಅದು ಬೇರೆ ಮಾತು.

ಗಣಿತಮೇಷ್ಟ್ರು
ಒಪ್ಪಲ್ಲ. ಓ ಲೆವೆಲ್ ಇಂಗ್ಲಿಷಿನಲ್ಲಿ ಡಿ ಬಂದಿದೆ ಅಂದಮೇಲೆ ಫೇಲ್. ಗಟ್ಟಿ ಪರೀಕ್ಷೆಯಲ್ಲಿ ಬಿದ್ದವರು ಸುಲಭದ ಪರೀಕ್ಷೆಯ ಸರ್ಟಿಫಿಕೇಟ್ ಹಿಡಿದು ಪಾಸ್ ಅನ್ನೋಕೆ ಆಗುತ್ತಾ? ಎರಡರಲ್ಲಿ ಕಠಿಣವಾದದ್ದೇ ಪ್ರಮಾಣ ಆಗಬೇಕು.

ಮಾರ್ಕ್ಸ್‌ಕಾರ್ಡ್
ಮೇಷ್ಟ್ರೇ, ನಿಯಮ ಹಾಗಿಲ್ಲ. ಎರಡೂ ಬೇರೆ ಬೇರೆ ಅರ್ಹತೆ. ಒಂದರಲ್ಲಿ ಸಿಕ್ಕ ಗ್ರೇಡನ್ನು ಇನ್ನೊಂದು ಅಳಿಸಲ್ಲ, ಮೇಲಿನದು ಲೆಕ್ಕಕ್ಕೆ ಬರುತ್ತೆ. ಸಪ್ಲಿಮೆಂಟರಿಯಲ್ಲಿ ಪಾಸಾದವನ ಮಾರ್ಚ್ ಫೇಲನ್ನು ಯಾರು ಕೇಳ್ತಾರೆ?

ಒಂದೇ ವಿಷಯಕ್ಕೆ ಎರಡು ಪರೀಕ್ಷೆ ಕಟ್ಟಿಸೋದು ಆಗ ಬಹಳ ಮಾಮೂಲು. ಹುಡುಗಿ ಗೆರೆಯ ಮೇಲಿದ್ದಾಳೆ, ಓ ಲೆವೆಲ್ ಸಿ ಬರಬಹುದು, ಬರದೆಯೂ ಇರಬಹುದು ಅನ್ನಿಸಿದರೆ ಶಾಲೆ ಎರಡಕ್ಕೂ ಹೆಸರು ಕೊಡ್ತಿತ್ತು. ಮೇ-ಜೂನ್ ತಿಂಗಳಲ್ಲಿ ಒಂದೇ ಇಂಗ್ಲಿಷಿಗೆ ಎರಡು ಪಠ್ಯಕ್ರಮ, ಎರಡು ಶುಲ್ಕ. ಎರಡರಲ್ಲಿ ಒಂದು ಹತ್ತಿದರೆ ಸಾಕು. ಇವರ ಕಾಗದದಲ್ಲಿ ಕಾಣ್ತಿರೋದು ಅದೇ.

ತುಂಗಾತೀರ
1 ಮತ್ತು ಡಿ ಎರಡೂ ಒಬ್ಬರಿಗೇ ಬರೋದರಲ್ಲಿ ವಿಚಿತ್ರ ಏನೂ ಇಲ್ಲ, ಪರೀಕ್ಷೆಯ ರೀತಿಯೇ ಬೇರೆ. ಓ ಲೆವೆಲ್ ಇಂಗ್ಲಿಷ್ ಭಾಷೆ ಅಂದರೆ ಪ್ರಬಂಧ, ಗದ್ಯ ಕೊಟ್ಟು ಪ್ರಶ್ನೆ, ಮತ್ತೆ ಆ ಕುಖ್ಯಾತ ಸಂಕ್ಷೇಪ: ಕೊಟ್ಟ ಭಾಗವನ್ನು ಇಷ್ಟೇ ಪದಗಳಲ್ಲಿ ಇಳಿಸಬೇಕು, ಮೀರಿದರೆ ಅಂಕ ಹೋಯ್ತು. ಎಲ್ಲಾ ಆ ಒಂದೆರಡು ದಿನದ ಕೈಗುಣ. ಸಿ.ಎಸ್.ಇ. ಇಂಗ್ಲಿಷಿನಲ್ಲಿ ಮಾತಿನ ಪರೀಕ್ಷೆ ಇರ್ತಿತ್ತು, ಬಹಳ ಕಡೆ ವರ್ಷವಿಡೀ ಬರೆದದ್ದರ ಕಡತಕ್ಕೂ ಅಂಕ. ಪರೀಕ್ಷಾ ಹಾಲಿನಲ್ಲಿ ಕೈ ನಡುಗುವ, ಆದರೆ ವರ್ಷ ಪೂರ್ತಿ ಚೆನ್ನಾಗಿ ಬರೆಯುವ ಮಗುವಿಗೆ ಇಂಥ ಜೋಡಿ ಫಲಿತಾಂಶ ಬರೋದು ಸಹಜ.

ಧಾರವಾಡಪೇಡೆ
ಅಲ್ರೀ, ಒಂದ ದೇಶ, ಒಂದ ವಯಸ್ಸು, ಎರಡು ಪರೀಕ್ಷಿ ಯಾಕ ಬೇಕಾಗಿತ್ತು ಅವರಿಗೆ? ನಮ್ಮ ಎಸ್ಸೆಸ್ಸೆಲ್ಸಿ ನೋಡ್ರಿ, ಎಲ್ಲಾರಿಗೂ ಒಂದ ಪೇಪರ್, ಬಿದ್ದಾಂವ ಬಿದ್ದ, ಗೆದ್ದಾಂವ ಗೆದ್ದ.

ತುಂಗಾತೀರ
@ಧಾರವಾಡಪೇಡೆ, 1944ರ ಕಾಯ್ದೆಯಾದ ಮೇಲೆ ಅಲ್ಲಿ 11ನೇ ವಯಸ್ಸಿಗೇ ಮಕ್ಕಳನ್ನು ಸೋಸ್ತಿದ್ದರು. ಒಂದು ಪರೀಕ್ಷೆ, ಪಾಸಾದವರು ಗ್ರಾಮರ್ ಶಾಲೆಗೆ, ಮಿಕ್ಕವರು ಸೆಕೆಂಡರಿ ಮಾಡರ್ನ್ ಶಾಲೆಗೆ. 1951ರಲ್ಲಿ ಬಂದ ಓ ಲೆವೆಲ್ ಗ್ರಾಮರ್ ಶಾಲೆಯವರ ಅಳತೆಗೆ ಹೊಲಿದ ಅಂಗಿ. ಸೆಕೆಂಡರಿ ಮಾಡರ್ನಿನ ಬಹುಪಾಲು ಮಕ್ಕಳು 15ಕ್ಕೆ ಶಾಲೆ ಬಿಡುವಾಗ ಕೈಯಲ್ಲಿ ದೇಶಕ್ಕೆಲ್ಲ ಸಲ್ಲುವ ಕಾಗದ ಒಂದೂ ಇರ್ತಿರಲಿಲ್ಲ. 1960ರಲ್ಲಿ ರಾಬರ್ಟ್ ಬೆಲೋ ಸಮಿತಿ ವರದಿ ಕೊಟ್ಟಿತು, ಅದರಿಂದ ಹುಟ್ಟಿದ್ದು ಸಿ.ಎಸ್.ಇ. ಲೆಕ್ಕ ಹೀಗಿತ್ತು: ಒಂದು ವಿಷಯದಲ್ಲಿ ಮೇಲಿನ ಸುಮಾರು 20 ಪರ್ಸೆಂಟ್ ಮಕ್ಕಳಿಗೆ ಓ ಲೆವೆಲ್, ಅದರ ಕೆಳಗಿನ 40 ಪರ್ಸೆಂಟ್‌ಗೆ ಸಿ.ಎಸ್.ಇ. ಉಳಿದ 40? ಅವರಿಗೆ ಯಾವ ಪರೀಕ್ಷೆಯೂ ಬೇಡ ಅಂತಲೇ ಯೋಜನೆ.

ನಿಮ್ಮ ‘ಬಿದ್ದಾಂವ ಬಿದ್ದ’ಕ್ಕೂ ಇದಕ್ಕೂ ಏನು ಫರಕು ಅಂದರೆ, ಅಲ್ಲಿ ಬೀಳೋದಕ್ಕೂ ಟಿಕೆಟ್ ಸಿಗ್ತಿರಲಿಲ್ಲ.

ಧಾರವಾಡಪೇಡೆ
ಹೌದಾ? ಹಂಗಾರ ನಮ್ಮದ ಬೇಶಿ ಬಿಡ್ರಿ.

ಗಣಿತಮೇಷ್ಟ್ರು
ಇನ್ನೊಂದು ಅನುಮಾನ. ಓ ಲೆವೆಲ್ ‘ಸಿ’ ಅಂದರೆ ನಮ್ಮ ಲೆಕ್ಕದಲ್ಲಿ ಎಷ್ಟು ಪರ್ಸೆಂಟ್? ಎ 80, ಬಿ 65, ಸಿ 50 ಅಂತ ಇಟ್ಟುಕೊಳ್ಳಬಹುದಾ? ಹಾಗಾದರೆ ಸಿ ಅಂದರೆ ಸೆಕೆಂಡ್ ಕ್ಲಾಸ್.

ಮಾರ್ಕ್ಸ್‌ಕಾರ್ಡ್
ಇಲ್ಲ, ಇಲ್ಲ, ಇಲ್ಲ. ಈ ಪರ್ಸೆಂಟ್ ಗೀಳೇ ಎಲ್ಲಾ ಗೋಜಲಿನ ಬೇರು.

ನಮ್ಮಲ್ಲಿ ಗೆರೆ ಮೊದಲೇ ಕೊರೆದಿಟ್ಟದ್ದು: 625ಕ್ಕೆ 375 ಬಂದರೆ ಫಸ್ಟ್ ಕ್ಲಾಸ್, 531 ಆದರೆ ಡಿಸ್ಟಿಂಕ್ಷನ್. ಪೇಪರ್ ಕಷ್ಟ ಬಂದರೂ ಅದೇ ಗೆರೆ, ಸುಲಭ ಬಂದರೂ ಅದೇ. ಅಲ್ಲಿ ಗೆರೆ ಎಳೆಯೋದು ಪೇಪರ್ ತಿದ್ದಿದ ಮೇಲೆ. ಹಿರಿಯ ಪರೀಕ್ಷಕರು ಗಡಿಯ ಆಸುಪಾಸಿನ ಉತ್ತರ ಪತ್ರಿಕೆಗಳನ್ನೂ ಹಿಂದಿನ ವರ್ಷದ ಗಡಿ ಪತ್ರಿಕೆಗಳನ್ನೂ ಪಕ್ಕಪಕ್ಕ ಇಟ್ಟು, ‘ಹೋದ ವರ್ಷ ಸಿ ಕೊಟ್ಟ ಗುಣಮಟ್ಟ ಈ ವರ್ಷ ಎಷ್ಟು ಅಂಕದ ಹತ್ತಿರ ಕಾಣ್ತಿದೆ’ ಅಂತ ನೋಡ್ತಾರೆ. ಜೊತೆಗೆ ಅಂಕಿಅಂಶ. ಪೇಪರ್ ಕಷ್ಟ ಇದ್ದ ವರ್ಷ ಸಿ ಗಡಿ ಕೆಳಗಿಳಿಯುತ್ತೆ, ಸುಲಭ ಇದ್ದ ವರ್ಷ ಮೇಲೇರುತ್ತೆ. ಸರ್ಟಿಫಿಕೇಟಿನಲ್ಲಿ ಅಂಕ ಬರೆಯೋದೇ ಇಲ್ಲ. ಅದಕ್ಕೇ ‘ಸಿ = 50’ ಅನ್ನೋದು ಯಾವ ವರ್ಷಕ್ಕೂ ಖಚಿತವಾಗಿ ಹೊಂದಲ್ಲ.

ಇವತ್ತಿನ 9–1 ಪದ್ಧತಿಯಲ್ಲಿ ಇದು ಇನ್ನೂ ಸ್ಪಷ್ಟ. 7, 4, 1 ಈ ಮೂರರ ಕೆಳಗಡಿ ಮೊದಲು ನಿಗದಿ, ನಡುವಿನವು ಬರೀ ಭಾಗಾಕಾರ. 7ರ ಗಡಿ 70ಕ್ಕೂ 4ರ ಗಡಿ 40ಕ್ಕೂ ಬಿತ್ತು ಅನ್ನಿ, 5 ತಾನಾಗೇ 50, 6 ತಾನಾಗೇ 60. ಮುಂದಿನ ವರ್ಷ ಅದೇ 4ರ ಗಡಿ 34ಕ್ಕೆ ಬೀಳಬಹುದು.

ಗಣಿತಮೇಷ್ಟ್ರು
ಹಾಗಾದರೆ ಕೋಟಾ ಪದ್ಧತಿ. ಪ್ರತಿ ವರ್ಷ ಇಂತಿಷ್ಟು ಪರ್ಸೆಂಟ್ ಮಕ್ಕಳಿಗೆ ಎ, ಇಂತಿಷ್ಟು ಜನಕ್ಕೆ ಬಿ. ನಾನು ಓದಿದ್ದು ಅದೇ.

ಅಂಕಿಸಂಕಿ
ನೀವು ಓದಿದ್ದು ಎ ಲೆವೆಲ್ ಬಗ್ಗೆ, ಮೇಷ್ಟ್ರೇ. ಅದು 18ನೇ ವಯಸ್ಸಿನದು, ನಮ್ಮ ಪಿ.ಯು.ಸಿ. ಜಾಗದಲ್ಲಿರೋದು. 1963ರಲ್ಲಿ ಅದಕ್ಕೆ ಮಾರ್ಗಸೂಚಿ ಬಂತು: ಎ 10, ಬಿ 15, ಸಿ 10, ಡಿ 15, ಇ 20 ಪರ್ಸೆಂಟ್. ಅಂದರೆ 70 ಪಾಸು. ಅದರ ಕೆಳಗಿನ 20 ಪರ್ಸೆಂಟ್‌ಗೆ ‘ಓ’, ಕಟ್ಟಕಡೆಯ 10 ಪೂರ್ತಿ ಫೇಲು.

ಆ ‘ಓ’ ತಮಾಷೆಯಾಗಿದೆ ನೋಡಿ. ಎ ಲೆವೆಲ್‌ನಲ್ಲಿ ಸ್ವಲ್ಪದರಲ್ಲಿ ತಪ್ಪಿದವರಿಗೆ ಅದೇ ವಿಷಯದ ಓ ಲೆವೆಲ್ ಪಾಸು ಸಮಾಧಾನದ ಬಹುಮಾನ. ಹಳೇ ಕಾಗದಗಳಲ್ಲಿ ಒಂದೇ ವಿಷಯಕ್ಕೆ ಓ ಲೆವೆಲ್ ಎರಡು ಸಲ ಕಂಡರೆ ಗಾಬರಿಯಾಗಬೇಡಿ, ಎರಡನೇದು ಹೀಗೆ ಬಂದಿರಬಹುದು.

ಮಾರ್ಗಸೂಚಿ ಅಂದೆ, ಕಬ್ಬಿಣದ ಕೋಟಾ ಅನ್ನಲಿಲ್ಲ. ಓ ಲೆವೆಲ್‌ಗಂತೂ ಇಂಥ ಹಂಚಿಕೆ ಇರಲಿಲ್ಲ.

ಗಣಿತಮೇಷ್ಟ್ರು
ಸರಿ, ಇದೊಂದು ಒಪ್ಪಿದೆ. ಎ ಲೆವೆಲ್‌ಗೂ ಓ ಲೆವೆಲ್‌ಗೂ ಬೆರೆಸಿಬಿಟ್ಟಿದ್ದೆ.

ಎಡಿನ್‌ಬರೋಮಳೆ
ಯಾರೋ ‘ಯು.ಕೆ. ಪದ್ಧತಿ’ ಅಂತ ಬರೆಯೋ ಮೊದಲೇ ಹೇಳಿಬಿಡ್ತೀನಿ: ಸ್ಕಾಟ್ಲೆಂಡಿಗೆ ಇದ್ಯಾವುದೂ ಅನ್ವಯಿಸಲ್ಲ. ಅಲ್ಲಿ 1962ರಿಂದ ಓ ಗ್ರೇಡ್. ‘ಓ ಲೆವೆಲ್’ ಅಂದರೆ ಸ್ಕಾಟ್‌ಗಳು ಮುಖ ಸಿಂಡರಿಸ್ತಾರೆ. ಆಮೇಲೆ 1986ರಿಂದ ಸ್ಟ್ಯಾಂಡರ್ಡ್ ಗ್ರೇಡ್, ಅದೂ 2013ರಲ್ಲಿ ಕೊನೆಯಾಯ್ತು. ಸ್ಟ್ಯಾಂಡರ್ಡ್ ಗ್ರೇಡಿನಲ್ಲಿ 1ರಿಂದ 7: 1, 2 ಕ್ರೆಡಿಟ್, 3, 4 ಜನರಲ್, 5, 6 ಫೌಂಡೇಶನ್, 7 ಅಂದರೆ ಕೋರ್ಸ್ ಮುಗಿಸಿದ್ದಾನೆ ಅಷ್ಟೇ. ಅಲ್ಲೂ 1 ಮೇಲಿನದು. ಹಾಗಾಗಿ ಕಾಗದದ ಮೇಲೆ ಬರೀ ಅಂಕಿ ನೋಡಿ ತೀರ್ಪು ಕೊಡಬೇಡಿ, ಮೇಲ್ಗಡೆ ಯಾವ ಮಂಡಳಿ, ಯಾವ ವರ್ಷ ಅಂತ ಓದಿ.

ದಂಡುಪ್ರದೇಶ
ಅಂಕಿಯ ಮಾತು ಬಂದಿದ್ದಕ್ಕೆ ನಮ್ಮ ಊರಿನ ಕೊಂಡಿ ಒಂದು. ಬೆಂಗಳೂರು ದಂಡಿನ ಆಂಗ್ಲೋ-ಇಂಡಿಯನ್ ಶಾಲೆಗಳಲ್ಲಿ ಹಿಂದೆ ‘ಸೀನಿಯರ್ ಕೇಂಬ್ರಿಡ್ಜ್’ ಅಂತಿದ್ದದ್ದು ಇದೇ ಮನೆತನದ್ದು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಮಂಡಳಿ ಹೊರದೇಶಗಳಿಗೆ ನಡೆಸ್ತಿದ್ದ ಸ್ಕೂಲ್ ಸರ್ಟಿಫಿಕೇಟ್. ಅದರಲ್ಲಿ 1ರಿಂದ 9: 1, 2 ಉತ್ತಮ, 3ರಿಂದ 6 ಕ್ರೆಡಿಟ್, 7, 8 ಬರೀ ಪಾಸು, 9 ಫೇಲು. ಒಳ್ಳೇ ಆರು ವಿಷಯದ ಅಂಕಿ ಕೂಡಿಸಿ ಡಿವಿಷನ್, ಮೊತ್ತ ಕಡಿಮೆ ಆದಷ್ಟೂ ಒಳ್ಳೇದು.

1958ರಲ್ಲಿ ದಿಲ್ಲಿಯ ಕೌನ್ಸಿಲ್ ಹುಟ್ಟಿ ಆ ಜಾಗಕ್ಕೆ ಭಾರತದ್ದೇ ಪರೀಕ್ಷೆ ಬಂದರೂ ಅಂಕಿಯ ಚಾಳಿ ಉಳೀತು. ಐ.ಸಿ.ಎಸ್.ಇ. ಮಾರ್ಕ್ಸ್‌ಕಾರ್ಡಿನಲ್ಲಿ 1, 2 ವೆರಿ ಗುಡ್; 3, 4, 5 ಕ್ರೆಡಿಟ್; 6, 7 ಪಾಸ್; 8, 9 ಫೇಲ್. ಅಪ್ಪಂದಿರ ‘6’ ಕ್ರೆಡಿಟ್, ಮಕ್ಕಳ ‘6’ ಬರೀ ಪಾಸ್. ಮನೆಯಲ್ಲಿ ಜಗಳಕ್ಕೆ ಇಷ್ಟು ಸಾಕು.

ಒಗ್ಗರಣೆ
ಅಂದ್ರೆ 1 ಬಂದ್ರೆ ಪಾಯಸ, 9 ಬಂದ್ರೆ ಬೆಲ್ಟ್. ಈಗಿನ ಲಂಡನ್ ಮೊಮ್ಮಗ 9 ತಂದ್ರೆ ತಾತ ಬೆಲ್ಟ್ ಹುಡುಕ್ತಾರೆ.

ಮಾರ್ಕ್ಸ್‌ಕಾರ್ಡ್
@ದಂಡುಪ್ರದೇಶ, ಒಳ್ಳೇ ಕೊಂಡಿ. ಅದಕ್ಕೆ ಇನ್ನೊಂದು ಸೇರಿಸಿ. ಇಂಗ್ಲೆಂಡಿನ ಓ ಲೆವೆಲ್‌ಗೂ 1975ಕ್ಕೆ ಮುಂಚೆ ಎ-ಬಿ-ಸಿ ಇರಲಿಲ್ಲ. ಅಧಿಕೃತವಾಗಿ ಪಾಸು ಇಲ್ಲವೇ ಫೇಲು, ಅಷ್ಟೇ. ಸರ್ಟಿಫಿಕೇಟಿನಲ್ಲಿ ಪಾಸಾದ ವಿಷಯಗಳ ಹೆಸರು ಮಾತ್ರ. ಕೆಲವು ಮಂಡಳಿಗಳು ಒಳಗೊಳಗೇ 1ರಿಂದ 9 ಅಂಕಿ ಕೊಟ್ಟು ಶಾಲೆಗೆ ತಿಳಿಸ್ತಿದ್ದವು: 1–6 ಪಾಸ್, 7–9 ಫೇಲ್.

ಇದರಿಂದ ಎರಡು ಎಡವಟ್ಟು. ಒಂದು, 1970ರ ಕಾಗದದಲ್ಲಿ ಗ್ರೇಡ್ ಇಲ್ಲ ಅಂತ ಕಚೇರಿಯವರು ‘ಅಪೂರ್ಣ’ ಅಂತ ವಾಪಸ್ ಕಳಿಸೋದು. ಗ್ರೇಡ್ ಇರಬೇಕಾದ್ದೇ ಇಲ್ಲ, ವಿಷಯದ ಹೆಸರು ಇದ್ದರೆ ಅದೇ ಪಾಸು, ಅದೇ ಸಿ ಅಥವಾ ಮೇಲೆ. ಎರಡು, ಹಳೇ ಶಾಲಾ ಚೀಟಿಯಲ್ಲಿ ‘ಓ ಲೆವೆಲ್ ಭೌತಶಾಸ್ತ್ರ 6’ ಅಂತ ಕಂಡರೆ ಅದು ಪಾಸು, ಇವತ್ತಿನ 6ಕ್ಕೂ ಅದಕ್ಕೂ ಸಂಬಂಧವಿಲ್ಲ.

1975ರಲ್ಲಿ ಎ ಇಂದ ಇ ಬಂದಾಗ ಹಳೇ ಪಾಸಿನ ಗೆರೆಯನ್ನು ಸಿಯ ತಳಕ್ಕೆ ಕೂರಿಸಿದರು. ಡಿ, ಇ ಅನ್ನೋವು ಮೊದಲು ಫೇಲ್ ಆಗ್ತಿದ್ದವರ ಹೆಸರಿಗೆ ಹೊಸದಾಗಿ ಬಂದ ಅಕ್ಷರಗಳು. ಕಾಗದದಲ್ಲಿ ಅಚ್ಚಾಗ್ತಿತ್ತು, ಆದರೆ ಕೆಲಸ ಕೊಡುವವರು ಪಾಸು ಅಂತ ಲೆಕ್ಕ ಹಿಡೀತಿರಲಿಲ್ಲ. ಹಾಗಾಗಿ ‘ಡಿ ಅಂದರೆ ಫೇಲಾ’ ಅಂದರೆ ಕಾಗದದ ಪ್ರಕಾರ ಅಲ್ಲ, ಪೇಟೆಯ ಪ್ರಕಾರ ಹೌದು.

ಕೊಡೆಮುರಿದವ
ಇಷ್ಟೆಲ್ಲಾ ಗೊತ್ತಿದ್ದವರು ಹೇಳಿ ಮಾರಾಯ್ರೆ, ಇತಿಹಾಸದಲ್ಲಿ 4 ಉಂಟಲ್ಲ, ಅದು ಹೇಗೆ? ಐದರಲ್ಲಿ ನಾಲ್ಕನೇದು ಅಂದರೆ ಢಮಾರ್ ಅಲ್ವಾ?

ತುಂಗಾತೀರ
ಅದೇ ಎಲ್ಲರೂ ತಪ್ಪು ತಿಳಿಯೋ ಜಾಗ. ಸಿ.ಎಸ್.ಇ. ಮಾಡಿದವರು ಗ್ರೇಡ್ 4ನ್ನು ಹೀಗೆ ನಿರೂಪಿಸಿದ್ದರು: ಆ ವಿಷಯದಲ್ಲಿ ಸಾಧಾರಣ ಶಕ್ತಿಯ 16ರ ಹುಡುಗ ಅಥವಾ ಹುಡುಗಿ, ತನಗೆ ಹೊಂದುವ ಪಾಠವನ್ನು ಶ್ರದ್ಧೆಯಿಂದ ಕಲಿತರೆ ಬರಬೇಕಾದ ಗ್ರೇಡ್. ದೇಶದ ಸರಾಸರಿ ಮಗುವಿಗೆ 4. ಐದು ಮೆಟ್ಟಿಲಿನ ನಡುವೆ ಸರಾಸರಿ ಇಲ್ಲ, ಕೆಳಗಿಂದ ಎರಡನೇ ಮೆಟ್ಟಿಲಲ್ಲಿದೆ. ಯಾಕಂದರೆ ಕೆಳಗಿನ 40 ಪರ್ಸೆಂಟ್ ಮಕ್ಕಳು ಈ ಏಣಿಯ ಹತ್ತಿರವೂ ಬರಲ್ಲ ಅಂತ ಇಟ್ಟುಕೊಂಡೇ ಏಣಿ ಕಟ್ಟಿದ್ದು.

ಎಡವಟ್ಟಾಗಿದ್ದು ಇಲ್ಲೇ. ಕಾಗದದ ಮೇಲೆ ‘ಸರಾಸರಿ’ ಅಂದದ್ದನ್ನು ಅಂಗಡಿ, ಕಾರ್ಖಾನೆಯವರು ‘ಐದಕ್ಕೆ ನಾಲ್ಕನೇ ದರ್ಜೆ’ ಅಂತಲೇ ಓದಿದರು. ಸಿ.ಎಸ್.ಇ. 1ಕ್ಕೆ ಮಾತ್ರ ಬೆಲೆ, ಉಳಿದದ್ದಕ್ಕೆಲ್ಲ ಸೊನ್ನೆ.

ಕೊಡೆಮುರಿದವ
ಓಹೋ. ಅಂದರೆ 1ಕ್ಕೂ ಬೆಲೆ ಬಂದದ್ದು ಅದು ಇನ್ನೊಂದು ಪರೀಕ್ಷೆಯ ಹಾಗೆ ಉಂಟು ಅಂತ. ಸ್ವಂತ ಬೆಲೆ ಇಲ್ಲ.

ತುಂಗಾತೀರ
ಒಂದೇ ಸಾಲಿನಲ್ಲಿ ಹೇಳಿಬಿಟ್ರಿ.

ಲಾಗ್‌ಟೇಬಲ್
ವಿಷಯಾಂತರಕ್ಕೆ ಕ್ಷಮೆ ಇರಲಿ. 1979ರ ಗಣಿತ ಅಂತ ನೋಡಿದೆ. ಆಗ ಅಲ್ಲಿ ನಾಲ್ಕಂಕಿಯ ಲಾಗ್ ಪುಸ್ತಕಕ್ಕೂ ಕ್ಯಾಲ್ಕುಲೇಟರಿಗೂ ಜಗಳ ನಡೀತಿದ್ದ ಕಾಲ. ನಮ್ಮಲ್ಲಿ ಕ್ಲಾರ್ಕ್ಸ್ ಟೇಬಲ್ ಇದ್ದ ಹಾಗೆ. ಅದೂ ಅಲ್ಲದೆ ಕೆಲವು ಶಾಲೆಯಲ್ಲಿ ಹಳೇ ಮಾದರಿ ಗಣಿತ, ಕೆಲವು ಕಡೆ 1961ರಲ್ಲಿ ಶುರುವಾದ ಸ್ಕೂಲ್ ಮ್ಯಾಥಮ್ಯಾಟಿಕ್ಸ್ ಪ್ರಾಜೆಕ್ಟಿನ ಹೊಸ ಗಣಿತ: ಗಣ, ಮ್ಯಾಟ್ರಿಕ್ಸ್, ರೂಪಾಂತರ. ಎರಡಕ್ಕೂ ಕಾಗದದಲ್ಲಿ ‘ಗಣಿತ’ ಅಂತಲೇ ಹೆಸರು. ಒಬ್ಬಳಿಗೆ ಮ್ಯಾಟ್ರಿಕ್ಸ್ ಗುಣಿಸೋಕೆ ಬರುತ್ತೆ, ಪಕ್ಕದೂರಿನವಳಿಗೆ ಲಾಗ್ ನೋಡೋಕೆ ಬರುತ್ತೆ, ಇಬ್ಬರಿಗೂ ಗ್ರೇಡ್ 2.

ಗಣಿತಮೇಷ್ಟ್ರು
@ಲಾಗ್‌ಟೇಬಲ್, ಕ್ಲಾರ್ಕ್ಸ್ ಟೇಬಲ್ ಅಂದಿರಿ, ಮನಸ್ಸು ತುಂಬಿತು. ಆಂಟಿಲಾಗ್ ಪುಟಕ್ಕೆ ಹೋಗಬೇಕಾದಲ್ಲಿ ಮತ್ತೆ ಲಾಗ್ ಪುಟವನ್ನೇ ತೆಗೆಯೋ ಹುಡುಗರು ಎಲ್ಲಾ ಕಾಲದಲ್ಲೂ ಇದ್ದರು.

ಅಂಕಿಸಂಕಿ
ಒಂದೇ ಹೆಸರು, ಬೇರೆ ಬೇರೆ ಸರಕು ಅನ್ನೋದಾದರೆ ಸಿ.ಎಸ್.ಇ.ಯ ‘ಮೋಡ್ 3’ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಮೂರು ಬಗೆ ಇತ್ತು. ಮೋಡ್ 1ರಲ್ಲಿ ಪಠ್ಯವೂ ಪರೀಕ್ಷೆಯೂ ಪ್ರಾದೇಶಿಕ ಮಂಡಳಿಯದು. ಅಂಥ ಮಂಡಳಿ ಮೊದಲಿಗೆ 14 ಇದ್ದವು. ಮೋಡ್ 2ರಲ್ಲಿ ಪಠ್ಯ ಶಾಲೆಯದು, ಪ್ರಶ್ನೆಪತ್ರಿಕೆ ಮಂಡಳಿಯದು. ಮೋಡ್ 3ರಲ್ಲಿ ಪಠ್ಯ ಬರೆಯೋದು, ಪ್ರಶ್ನೆ ತೆಗೆಯೋದು, ತಿದ್ದೋದು ಎಲ್ಲಾ ಶಾಲೆಯ ಮೇಷ್ಟ್ರೇ.

ಕೊನೆಯದನ್ನು ಕೇಳಿ ನಗಬೇಡಿ, ಅದಕ್ಕೂ ಕಟ್ಟುಪಾಡಿತ್ತು. ಶಾಲೆ ಮೊದಲು ಪಠ್ಯಕ್ರಮ, ಮಾದರಿ ಪ್ರಶ್ನೆ, ಅಂಕ ಹಂಚಿಕೆ ಮಂಡಳಿಗೆ ಕಳಿಸಿ ಒಪ್ಪಿಗೆ ಪಡೀಬೇಕು. ಪರೀಕ್ಷೆ ಆದಮೇಲೆ ಮೇಷ್ಟ್ರು ಮಕ್ಕಳನ್ನು ಮೇಲಿಂದ ಕೆಳಗೆ ಸಾಲಾಗಿ ನಿಲ್ಲಿಸಿದ ಪಟ್ಟಿ, ಜೊತೆಗೆ ಆಯ್ದ ಉತ್ತರ ಪತ್ರಿಕೆ, ಕಡತ, ಮರಗೆಲಸ ಆದರೆ ಮಾಡಿದ ಸ್ಟೂಲನ್ನೇ ಮುಂದಿಡಬೇಕು. ಹೊರಗಿಂದ ಬಂದ ಮಾಡರೇಟರ್ ಕೆಲವನ್ನು ಮತ್ತೆ ತಿದ್ದಿ, ಶಾಲೆ ಧಾರಾಳವಾಗಿ ಕೊಟ್ಟಿದೆ ಅನ್ನಿಸಿದರೆ ಇಡೀ ಪಟ್ಟಿಯನ್ನೇ ಕೆಳಗೆ ಸರಿಸ್ತಾರೆ. ಮಕ್ಕಳ ಸಾಲು ಕದಲಲ್ಲ, ಗೆರೆ ಕದಲುತ್ತೆ. ಮೂರೂ ಮೋಡಿನ ಗ್ರೇಡಿಗೆ ಅಧಿಕೃತವಾಗಿ ಒಂದೇ ಬೆಲೆ.

ಗಣಿತಮೇಷ್ಟ್ರು
ತಾನೇ ಕಲಿಸಿ, ತಾನೇ ಪ್ರಶ್ನೆ ತೆಗೆದು, ತಾನೇ ತಿದ್ದೋದು! ನಮ್ಮಲ್ಲಿ ಆಂತರಿಕ ಅಂಕ 20 ಕೊಟ್ಟರೆ 20ಕ್ಕೆ 20 ಬೀಳುತ್ತೆ. ಸ್ಟೂಲು ಗಟ್ಟಿ ಇದೆಯೋ ಇಲ್ಲವೋ ಅಂತ ಮಾಡರೇಟರ್ ಕೂತು ನೋಡ್ತಿದ್ದನೇನು?

ಅಂಕಿಸಂಕಿ
ಕೀಲು ನೋಡ್ತಿದ್ದ. ಸ್ಟೂಲಿನ ಮರ್ಯಾದೆ ಇರೋದು ಕೀಲಿನಲ್ಲಿ ಅಲ್ವಾ.

ನಿಮ್ಮ ಆಂತರಿಕ ಅಂಕಕ್ಕೂ ಇದಕ್ಕೂ ಒಂದೇ ವ್ಯತ್ಯಾಸ, ಆದರೆ ದೊಡ್ಡದು: 20ಕ್ಕೆ 20 ಹಾಕಿದ ಶಾಲೆಯ ಪಟ್ಟಿಯನ್ನು ಹೊರಗಿನವನೊಬ್ಬ ತೆರೆದು ನೋಡಿ ಕೆಳಗಿಳಿಸ್ತಾನೆ ಅನ್ನೋ ಹೆದರಿಕೆ. ಅದಿಲ್ಲದಿದ್ದರೆ ನೀವು ಹೇಳಿದ್ದೇ ಆಗುತ್ತೆ, ಒಪ್ತೀನಿ.

ಹಳೇಕಡತ
ಎಲ್ಲರಿಗೂ ಧನ್ಯವಾದ. ಸ್ಟೂಲು, ಲಾಗ್ ಪುಸ್ತಕ ದಾಟಿ ವಾಪಸ್ ಫಾರ್ಮಿಗೆ ಬರೋಣ. ಇಂಗ್ಲಿಷಿಗೆ 1 = ಇವತ್ತಿನ 4 ಅಂತ ಹಾಕಲಾ? ಗಣಿತದ 2ಕ್ಕೆ ಏನು ಮಾಡೋದು?

ಮಾರ್ಕ್ಸ್‌ಕಾರ್ಡ್
ಇಂಗ್ಲಿಷಿಗೆ ‘4’ ಅಂತ ಒತ್ತಬೇಡಿ. ಸಿ.ಎಸ್.ಇ. 1ಕ್ಕೆ ಮೇಲೆ ಚಾವಣಿ. ಓ ಲೆವೆಲ್ ಬರೆದಿದ್ದರೆ ಎ ತೆಗೀತಿದ್ದವಳಿಗೂ ಅಲ್ಲಿ 1, ಸಿ ತೆಗೀತಿದ್ದವಳಿಗೂ 1. ‘4 ಅಥವಾ ಮೇಲೆ’ ಅಂತ ಮಾತ್ರ ಹೇಳಬಹುದು, ಇಂಥದ್ದೇ ಅಂಕಿ ಅಂತ ಹೇಳೋಕಾಗಲ್ಲ. ಅದೂ ಅಲ್ಲದೆ ಇಲ್ಲದ ಜಿ.ಸಿ.ಎಸ್.ಇ. ಇದೆ ಅಂತ ಬರೆದ ಹಾಗಾಗುತ್ತೆ. ಮೂಲ ಕಾಗದ ತೋರಿಸಿ ಅಂದಾಗ ತೊಂದರೆ. ‘ಇತರೆ’ ಆರಿಸಿ, ಪಕ್ಕದ ಖಾಲಿ ಜಾಗದಲ್ಲಿ ಬರೀರಿ.

ಗಣಿತದ 2 ಅಂದರೆ ಜಿ.ಸಿ.ಎಸ್.ಇ. ಡಿ ಮಟ್ಟ, ಇವತ್ತಿನ 3ರ ಹತ್ತಿರ. ಜಿ.ಸಿ.ಎಸ್.ಇ. ಕಟ್ಟಿದಾಗ ಸಿ.ಎಸ್.ಇ.ಯ 2, 3, 4, 5ನ್ನು ಡಿ, ಇ, ಎಫ್, ಜಿಗೆ ಜೋಡಿಸಿದ್ದರು. ಹಾಗಾಗಿ ಗಣಿತದಲ್ಲಿ ‘ತತ್ಸಮಾನ’ ಇಲ್ಲ. ಎಳೆದಾಡಿ ಪ್ರಯೋಜನವಿಲ್ಲ.

ಲೆಸ್ಟರ್‌ಕಾಫಿ
ಗಣಿತಕ್ಕೆ ದಾರಿ ಇದೆ. ಫಂಕ್ಷನಲ್ ಸ್ಕಿಲ್ಸ್ ಲೆವೆಲ್ 2 ಗಣಿತ ಬರೆಯಲಿ. ಬೋಧನಾ ಸಹಾಯಕಿ ಕೆಲಸಗಳಿಗೆ ಸಾಮಾನ್ಯವಾಗಿ ಅದನ್ನು ಗ್ರೇಡ್ 4ರ ಜಾಗದಲ್ಲಿ ಒಪ್ತಾರೆ. ಮೊದಲು ಆ ಶಾಲೆಗೆ ಒಂದು ಇಮೇಲ್ ಹಾಕಿ ಖಚಿತ ಮಾಡ್ಕೊಳ್ಳಿ, ಯಾಕಂದರೆ ಕೊನೆಯ ಮಾತು ಅವರದೇ. ಎರಡು ಭಾಗ: ಒಂದು ಕ್ಯಾಲ್ಕುಲೇಟರ್ ಇಲ್ಲದೆ, ಒಂದು ಇಟ್ಟುಕೊಂಡು. ಜಿ.ಸಿ.ಎಸ್.ಇ.ಯ ಬೀಜಗಣಿತದ ಕಾಟ ಅಷ್ಟಿಲ್ಲ. ಶೇಕಡಾ, ಅನುಪಾತ, ವಿಸ್ತೀರ್ಣ, ಸರಾಸರಿ, ನಕ್ಷೆ ಓದೋದು. ಜಿ.ಸಿ.ಎಸ್.ಇ.ಗೆ ಮೇ-ಜೂನ್ ಅಥವಾ ನವೆಂಬರ್ ಕಾಯಬೇಕು, ಇದನ್ನು ವರ್ಷದಲ್ಲಿ ಯಾವಾಗ ಬೇಕಾದರೂ ಬರೀಬಹುದು.

ಇಂಗ್ಲೆಂಡಿನಲ್ಲಿ 19 ದಾಟಿದವರಿಗೆ ಗಣಿತದಲ್ಲಿ ಗ್ರೇಡ್ 4 ಇಲ್ಲದಿದ್ದರೆ ಈ ಕಲಿಕೆಗೆ ಸರ್ಕಾರವೇ ದುಡ್ಡು ಕೊಡುತ್ತೆ. ಹತ್ತಿರದ ಕಾಲೇಜಿನಲ್ಲಿ ‘ವಯಸ್ಕರ ಗಣಿತ’ ಅಂತ ಕೇಳಿ. ಅಲ್ಲಿಯೂ ಈ 1979ರ ಕಾಗದ ತಗೊಂಡು ಹೋಗಬೇಕು, ‘2’ ಅಂದರೆ ಪಾಸಲ್ಲ ಅಂತ ಅವರಿಗೂ ವಿವರಿಸಬೇಕಾಗಬಹುದು.

ಎಡಿನ್‌ಬರೋಮಳೆ
ಹೀಗೆ ಬೇರೆಯವರ ಕಾಗದ ನೋಡುತ್ತಿರುವವರಿಗೆ: ಸರ್ಟಿಫಿಕೇಟ್ ಕಳೆದಿದ್ದರೆ ಹಳೇ ಮಂಡಳಿ ಹುಡುಕಬೇಡಿ, ಬಹುಪಾಲು ವಿಲೀನ ಆಗಿವೆ. ಜೆ.ಎಂ.ಬಿ., ಎ.ಇ.ಬಿ.ಯವು ಈಗ ಎ.ಕ್ಯೂ.ಎ. ಹತ್ತಿರ, ಲಂಡನ್ ವಿಶ್ವವಿದ್ಯಾಲಯದ ಮಂಡಳಿಯದು ಪಿಯರ್ಸನ್ ಹತ್ತಿರ, ಕೇಂಬ್ರಿಡ್ಜ್, ಆಕ್ಸ್‌ಫರ್ಡ್‌ನವು ಓ.ಸಿ.ಆರ್. ಹತ್ತಿರ, ವೇಲ್ಸ್‌ನದು ಡಬ್ಲ್ಯು.ಜೆ.ಇ.ಸಿ. ಹತ್ತಿರ. ಕೇಳಿದರೆ ಫಲಿತಾಂಶದ ದೃಢೀಕೃತ ಹೇಳಿಕೆ ಕೊಡ್ತಾರೆ. ಕೇಳುವಾಗ ಆಗಿನ ಹೆಸರು, ಹುಟ್ಟಿದ ದಿನ, ಶಾಲೆ, ವರ್ಷ, ವಿಷಯ ಬೇಕು. ಮದುವೆಯಾಗಿ ಹೆಸರು ಬದಲಾಗಿದ್ದರೆ ಅದರ ದಾಖಲೆಯೂ. ನಮ್ಮವರ ಹೆಸರಿನ ತೊಡಕು ಬೇರೆ: ಶಾಲೆಯಲ್ಲಿ ಅಪ್ಪನ ಹೆಸರೋ ಊರ ಹೆಸರೋ ಕೊನೇ ಹೆಸರಾಗಿ ಬಿದ್ದಿರುತ್ತೆ, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಎರಡೂ ಬರೆದು ಹುಡುಕಿಸಿ.

ಧಾರವಾಡಪೇಡೆ
ಒಂದ ಮಾತು. 1979ರಾಗ ಪರೀಕ್ಷಿನ ಬರೀದ ಬಿಟ್ಟಾವ್ರೂ ಇರಬೇಕಲ್ರೀ? ಅವರ ಹತ್ರ ಯಾವ ಕಾಗದಾನೂ ಇರೂದಿಲ್ಲ.

ತುಂಗಾತೀರ
ಇದ್ದರು, ಬೇಕಾದಷ್ಟು ಜನ. 1972ರಲ್ಲಿ ಶಾಲೆ ಬಿಡುವ ವಯಸ್ಸನ್ನು 15ರಿಂದ 16ಕ್ಕೆ ಏರಿಸಿದರು. ಆದರೆ ಸೆಪ್ಟೆಂಬರಿನಿಂದ ಜನವರಿ ಒಳಗೆ 16 ತುಂಬಿದವರು ಈಸ್ಟರಿಗೇ ಬಿಟ್ಟು ಹೋಗಬಹುದಿತ್ತು. ಪರೀಕ್ಷೆ ಮೇ-ಜೂನಿನಲ್ಲಿ. ನವೆಂಬರಿನಲ್ಲಿ ಹುಟ್ಟಿದವನು ಐದು ವರ್ಷ ಓದಿ, ಪರೀಕ್ಷೆಗೆ ಒಂದೆರಡು ತಿಂಗಳಿರುವಾಗ ಕೆಲಸಕ್ಕೆ ಹೋದ. ಅವನಿಗೆ ಯು ಕೂಡ ಸಿಗಲಿಲ್ಲ.

ಕೊಡೆಮುರಿದವ
ಮತ್ತೆ ಇದನ್ನು ಯಾಕೆ ನಿಲ್ಲಿಸಿದ್ದು? ಎರಡು ಪರೀಕ್ಷೆ ಖರ್ಚು ಅಂತಲಾ?

ಅಂಕಿಸಂಕಿ
ಖರ್ಚು, ಗೊಂದಲ, ಎರಡೂ. 14ನೇ ವಯಸ್ಸಿಗೇ ‘ನೀನು ಓ ಲೆವೆಲ್, ನೀನು ಸಿ.ಎಸ್.ಇ.’ ಅಂತ ಬೇರ್ಪಡಿಸಬೇಕಿತ್ತು, ತಪ್ಪಾದರೆ ತಿದ್ದೋಕೆ ಕಷ್ಟ. ಎರಡನ್ನೂ ಸೇರಿಸಿ ಒಂದೇ ಮಾಡುವ ಪ್ರಯೋಗ 70ರ ದಶಕದಿಂದಲೇ ನಡೀತಿತ್ತು. 1984ರಲ್ಲಿ ಶಿಕ್ಷಣ ಮಂತ್ರಿ ಕೀತ್ ಜೋಸೆಫ್ ಘೋಷಿಸಿದರು, 1986ರ ಸೆಪ್ಟೆಂಬರಿನಲ್ಲಿ ಪಾಠ ಶುರು, 1988ರಲ್ಲಿ ಮೊದಲ ಜಿ.ಸಿ.ಎಸ್.ಇ. ಎ ಇಂದ ಜಿ. 1994ರಲ್ಲಿ ಎ ಸ್ಟಾರ್. 2017ರಿಂದ 9–1, ಅದೂ ಇಂಗ್ಲೆಂಡಿನಲ್ಲಿ.

2012ರಲ್ಲಿ ಆಗಿನ ಶಿಕ್ಷಣ ಮಂತ್ರಿ ಮೈಕೆಲ್ ಗೋವ್ ಮತ್ತೆ ಓ ಲೆವೆಲ್ ಥರದ್ದು ತರೋಕೆ ಹೊರಟಿದ್ದರು, ಗಲಾಟೆ ಎದ್ದು 2013ರ ಫೆಬ್ರವರಿಯಲ್ಲಿ ಕೈಬಿಟ್ಟರು.

ಗಣಿತಮೇಷ್ಟ್ರು
ತರಬೇಕಿತ್ತು. ಒಂದೇ ಪರೀಕ್ಷೆ ಅಂತ ಹೆಸರಿಗೆ. ಈಗಲೂ ಗಣಿತದಲ್ಲಿ ಫೌಂಡೇಶನ್, ಹೈಯರ್ ಅಂತ ಎರಡು ಪೇಪರ್ ಇದೆಯಲ್ಲ. ಫೌಂಡೇಶನ್ ಬರೆದವನಿಗೆ ಎಷ್ಟೇ ಬರೆದರೂ 5ರ ಮೇಲೆ ಬರಲ್ಲ. ಅದು ಸಿ.ಎಸ್.ಇ. ಅಲ್ಲದೆ ಮತ್ತೇನು?

ತುಂಗಾತೀರ
ಮೇಷ್ಟ್ರೇ, ಮೊದಲ ಸಲ ನಿಮ್ಮ ಮಾತಿಗೆ ಉತ್ತರ ಹೊಳೀತಿಲ್ಲ. ಒಂದೇ ಫರಕು, ಹೊರಬರುವ ಕಾಗದದ ಹೆಸರು ಇಬ್ಬರಿಗೂ ಒಂದೇ.

ಹಳೇಕಡತ
ಫಾರ್ಮ್ ತುಂಬಿದೆ. ಇಂಗ್ಲಿಷಿಗೆ ‘ಇತರೆ’ ಒತ್ತಿದೆ, ಕೆಂಪಕ್ಷರ ಹೋಯ್ತು. ಪಕ್ಕದ ಜಾಗದಲ್ಲಿ ಹಾಕಿದ್ದು: ‘ಸಿ.ಎಸ್.ಇ. ಇಂಗ್ಲಿಷ್, ಗ್ರೇಡ್ 1, ಬೇಸಿಗೆ 1979. ಓ ಲೆವೆಲ್ ಸಿ ಅಥವಾ ಮೇಲಿನದಕ್ಕೆ ಸಮ. ಈ ಪದ್ಧತಿಯಲ್ಲಿ 1 ಅತ್ಯುನ್ನತ.’ ಗಣಿತಕ್ಕೆ: ‘ಸಿ.ಎಸ್.ಇ. ಗ್ರೇಡ್ 2; ಫಂಕ್ಷನಲ್ ಸ್ಕಿಲ್ಸ್ ಲೆವೆಲ್ 2ಕ್ಕೆ ಸೇರಲಿದ್ದಾರೆ.’ ಓ ಲೆವೆಲ್ ಇಂಗ್ಲಿಷ್ ಡಿ ಬರೀಬೇಕಾ?

ಮಾರ್ಕ್ಸ್‌ಕಾರ್ಡ್
‘ಎಲ್ಲಾ ಅರ್ಹತೆ ನಮೂದಿಸಿ’ ಅಂತಿದ್ದರೆ ಬರೀರಿ, ಮುಚ್ಚಿಡೋಕೆ ಏನಿಲ್ಲ. ಜೀವಶಾಸ್ತ್ರದ ಸಿ ಬಿಡಬೇಡಿ, ಅದು ಸಾಚಾ ಓ ಲೆವೆಲ್ ಪಾಸು.

ಒಗ್ಗರಣೆ
ಟೈಪ್‌ರೈಟಿಂಗ್ 1 ಬಿಟ್ರಾ? ಫಾರ್ಮ್ ಅವರ ಕೈಲೇ ಟೈಪ್ ಮಾಡಿಸಬೇಕಿತ್ತು.